ತೇವ ಬಲ್ಲ ಕೈ

ಬೆಳಗಿನ ಐದು ಗಂಟೆಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿರುತ್ತದೆ. ಅದರ ಕೆಳಗೆ, ಆಳೆತ್ತರದ ಸ್ಟೀಲ್ ಯಂತ್ರದ ಬಾಗಿಲನ್ನು ಹೆಗಲು ಕೊಟ್ಟು ಮುಚ್ಚುತ್ತಿರುವ ಹೆಂಗಸಿಗೆ ಐವತ್ತೆರಡು ವರ್ಷ. ಚಕ್ರದಂಥ ಹಿಡಿಯನ್ನು ಮೂರು ಸುತ್ತು ಬಿಗಿ ಮಾಡುತ್ತಾರೆ, ಗುಂಡಿ ಒತ್ತುತ್ತಾರೆ, ಮಾಪಕದ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ಬಗ್ಗಿ ನೋಡುತ್ತಾರೆ. ಆಮೇಲೆ ಚಪ್ಪಲಿ ಬಿಟ್ಟು, ಬೆನ್ನು ಗೋಡೆಗೆ ತಾಗದ ಹಾಗೆ ಸ್ಟೂಲಿನ ಮೇಲೆ ಕುಳಿತು ಕಣ್ಣು ಮುಚ್ಚುತ್ತಾರೆ. ನೀರು ಕಾದು, ಹಬೆ ಕಟ್ಟಿ, ಮುಳ್ಳು ಮೇಲೇರಲು ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷ ಅವರನ್ನು ಯಾರೂ ಕರೆಯುವುದಿಲ್ಲ. ಕರೆದರೂ ಅವರು ಓಗೊಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಾಗಿದೆ.

ಆಸ್ಪತ್ರೆಯಲ್ಲಿ ಅವರನ್ನು ಕರೆಯುವುದು ಹಬೆ ಅಕ್ಕ ಎಂದು. ಆಪರೇಷನ್ ಥಿಯೇಟರಿಗೆ ಹೋಗುವ ಕತ್ತರಿ, ಚಿಮಟ, ಹೊದಿಕೆ ಬಟ್ಟೆ, ಗಾಯಕ್ಕೆ ಒತ್ತುವ ಹತ್ತಿ, ಎಲ್ಲವೂ ಮೊದಲು ಇವರ ಕೈಗೆ ಬರಬೇಕು. ತೊಳೆದು, ಎಣಿಸಿ, ಎರಡು ಪದರದ ಬಟ್ಟೆಯಲ್ಲಿ ಗಂಟು ಕಟ್ಟಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಮೇಲಕ್ಕೆ ಕಳಿಸಬೇಕು. ವೈದ್ಯರ ಹೆಸರು ಗೋಡೆಯ ಮೇಲಿದೆ, ದಾದಿಯರ ಹೆಸರು ಎದೆಯ ಪಟ್ಟಿಯಲ್ಲಿದೆ. ನೆಲಮಾಳಿಗೆಗೆ ಬಂದು ನೋಡಿದವರು ಕಡಿಮೆ.

ನಾನೂ ನೋಡಿದವಳಲ್ಲ. ಹೋದ ವರ್ಷ ನನ್ನ ಮಗಳ ಹೊಟ್ಟೆಯ ಆಪರೇಷನ್ನು ಒಂದೂವರೆ ಗಂಟೆ ತಡವಾಯಿತು. ರಾತ್ರಿಯಿಂದ ಹಸಿದಿದ್ದ ಹುಡುಗಿ, ಬಾಯಿ ಒಣಗಿ ಅಳುತ್ತಿದ್ದಳು. ಕೆಳಗಿನಿಂದ ಕತ್ತರಿ-ಚಿಮಟದ ಸೆಟ್ ಬಂದಿಲ್ಲವಂತೆ ಎಂದು ಯಾರೋ ಹೇಳಿದರು. ಅಷ್ಟರಲ್ಲಿ ಟ್ರಾಲಿ ತಳ್ಳಿಕೊಂಡು ಬಂದ ಹೆಂಗಸಿಗೆ ಕೇಳುವ ಹಾಗೆಯೇ, ಇಂಥವರಿಗೆ ಕೆಲಸ ಕೊಡುವವರನ್ನು ಹೇಳಬೇಕು ಎಂದೆ. ಅವರು ತಲೆ ಎತ್ತಲಿಲ್ಲ. ಮಗಳು ಮನೆಗೆ ಬಂದ ಎಷ್ಟೋ ದಿನಗಳ ಮೇಲೆ, ಹೊಲಿಗೆ ಬಿಚ್ಚಿಸಲು ಹೋದಾಗ, ಅವತ್ತು ಒಂದು ಗಂಟು ಸರಿಯಾಗಿ ಒಣಗಿರಲಿಲ್ಲವೆಂದು ಅವರು ತಡೆಹಿಡಿದಿದ್ದರು ಎಂದು ತಿಳಿಯಿತು. ಈ ಬರಹ ಅಲ್ಲಿಂದ ಶುರುವಾಗಿದೆ. ನನ್ನ ಮಾತನ್ನು ನೆನಪಿಸಿ ಕ್ಷಮೆ ಕೇಳಿದಾಗ ಅವರು ನಕ್ಕರು. "ಅದು ನೀವಾ? ನಿಮ್ಮದು ಏನೂ ಅಲ್ಲ ಬಿಡಿ. ನಿಮಗಿಂತ ಚೆನ್ನಾಗಿ ಬೈಯೋರು ವಾರಕ್ಕೆ ನಾಲ್ಕು ಜನ ಸಿಕ್ತಾರೆ."

ದಿನಕ್ಕೆ ಆರು ಸುತ್ತು ಯಂತ್ರ ಓಡುತ್ತದೆ. ಒಂದು ಸುತ್ತಿಗೆ ಎಂಟು ಗಂಟು. ಒಂದು ದೊಡ್ಡ ಸೆಟ್ಟಿನಲ್ಲಿ ಮೂವತ್ತೆರಡು ಸಾಮಾನು, ಹೋಗುವಾಗಲೂ ಬರುವಾಗಲೂ ಅಷ್ಟೇ ಇರಬೇಕು. ಗಂಟಿನ ಮೇಲೆ ಅಂಟಿಸುವ ಟೇಪಿನ ಗೆರೆಗಳು ಬಿಸಿ ತಾಗಿದಾಗ ಕಪ್ಪಾಗುತ್ತವೆ. ಗೆರೆ ಕಪ್ಪಾದರೆ ಸಾಕು ಎಂದು ಹೊಸಬರು ತಿಳಿಯುತ್ತಾರೆ. ಸಾಲದು. ಬಟ್ಟೆ ಒಣಗಿರಬೇಕು. ತೇವ ಉಳಿದರೆ ಹೊರಗಿನ ಕ್ರಿಮಿ ಅದೇ ದಾರಿ ಹಿಡಿದು ಒಳಗೆ ಹೋಗುತ್ತದೆ. ಹೊರಗೆ ತೆಗೆದ ಗಂಟುಗಳು ಅರ್ಧ ಗಂಟೆ ಆರಿದ ಮೇಲೆ ಅಕ್ಕ ಒಂದೊಂದರ ತಳಕ್ಕೂ ಕೈಯ ಹಿಂಭಾಗ ತಾಗಿಸುತ್ತಾರೆ, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. ಅಂಗೈಯಲ್ಲಿ ಸುಟ್ಟ ಗುರುತುಗಳೇ ಹೆಚ್ಚಾಗಿ, ಅಲ್ಲಿ ಈಗ ಏನೂ ಗೊತ್ತಾಗುವುದಿಲ್ಲವಂತೆ.

ಹತ್ತೊಂಬತ್ತು ವರ್ಷದ ಹಿಂದೆ ಅವರು ಇಲ್ಲಿಗೆ ಬಂದದ್ದು ಕಸ ಗುಡಿಸುವ ಕೆಲಸಕ್ಕೆ. ಏಳು ವರ್ಷ ಮೆಟ್ಟಿಲು ಒರೆಸಿದ ಮೇಲೆ ಈ ಕೋಣೆ ಸಿಕ್ಕಿತು. ಕುಳಿತುಕೊಳ್ಳಲು ಸ್ಟೂಲಿರುವ ಕೆಲಸ ಎಂದು ಮನೆಯಲ್ಲಿ ಹೇಳಿಕೊಂಡಿದ್ದರಂತೆ. ಅದು ಕೈತಪ್ಪಿ ಹೋಗುವ ಭಯ ಅಂದಿನಿಂದಲೇ ಜೊತೆಗಿತ್ತು.

ಐದು ವರ್ಷದ ಹಿಂದಿನ ಒಂದು ಬೆಳಗ್ಗೆ ಟೇಪಿನ ಗೆರೆ ಕಪ್ಪಾಗಿದ್ದ ಒಂದು ಗಂಟಿನ ತಳ ಅವರ ಕೈಗೆ ತಣ್ಣಗೆ ತಾಗಿತು. ಎರಡು ಬೆರಳಗಲದ ತೇವ. ಇದು ಬೇಡ ಎಂದು ಒಳಗೆ ಸ್ಪಷ್ಟವಾಗಿ ಅನ್ನಿಸಿತು. ಆದರೆ ಹಿಂದಿನ ದಿನವಷ್ಟೇ ಆಗಿನ ಹೆಡ್ ಸಿಸ್ಟರ್, ಇನ್ನೊಂದು ಸಲ ಥಿಯೇಟರ್ ತಡವಾದರೆ ಮತ್ತೆ ಪೊರಕೆ ಹಿಡಿಸುತ್ತೇನೆ ಎಂದು ಎಲ್ಲರೆದುರು ಗದರಿದ್ದರು. ಮೇಲಿನಿಂದ ಎರಡು ಸಲ ಫೋನ್ ಬಂದಿತ್ತು. ಅಕ್ಕ ಗಂಟನ್ನು ಮಗುಚಿ, ಒಣಗಿದ ಬದಿಯನ್ನು ಮೇಲೆ ಮಾಡಿ ಕಳಿಸಿದರು.

"ಮಗುಚಿ ಇಟ್ಟೆ ನೋಡಿ, ಅದೇ ನನ್ನ ಕೊಲ್ಲೋದು," ಎನ್ನುತ್ತಾರೆ. "ಗೊತ್ತಿಲ್ದೆ ಕಳ್ಸಿದ್ರೆ ತಪ್ಪು ಅನ್ಬೋದಿತ್ತು. ಮಗುಚೋಕೆ ಗೊತ್ತಿರ್ಬೇಕಲ್ವಾ?"

ಆ ಗಂಟು ಬಿಚ್ಚಿದ್ದು ಒಬ್ಬ ದರ್ಜಿ ಹೆಂಗಸಿನ ಆಪರೇಷನ್ನಿಗೆ. ನಾಲ್ಕನೆಯ ದಿನ ಗಾಯದಲ್ಲಿ ಕೀವಾಯಿತು. ಎರಡು ಸಲ ಮತ್ತೆ ಬಿಚ್ಚಿ ಹೊಲಿದರು. ನಲವತ್ತೇಳು ದಿನ ಆಕೆ ವಾರ್ಡಿನಲ್ಲೇ ಉಳಿದರು. ಕೀವಾಗಲು ನೂರು ಕಾರಣಗಳಿರುತ್ತವೆ ಎಂದು ವೈದ್ಯರು ಹೇಳಿದರು, ಅದು ನಿಜವೂ ಹೌದು. ಯಾರೂ ನೆಲಮಾಳಿಗೆಗೆ ಬಂದು ಏನನ್ನೂ ಕೇಳಲಿಲ್ಲ. "ನೂರು ಇರ್ಬೋದು. ಒಂದು ನಂಗೆ ಗೊತ್ತಿತ್ತು," ಎನ್ನುತ್ತಾರೆ ಅಕ್ಕ.

ಆ ದಿನಗಳಲ್ಲಿ ಅವರಿಗೆ ಊಟ ಸೇರದಾಯಿತು. ಮನೆಯಲ್ಲಿ ಮೊದಲು ಗಮನಿಸಿದ್ದು ಅವರ ಅತ್ತೆ. ಈಗ ಇಲ್ಲದ ಆ ಹಿರಿಯ ಜೀವ ದಿನಾ ಬೆಳಗ್ಗೆ ಅಡುಗೆಮನೆಯ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂರುತ್ತಿತ್ತಂತೆ. ಕೆಲಸ ತಪ್ಪಿಸಿಕೊಳ್ಳಲು ಒಳ್ಳೆಯ ಉಪಾಯ ಎಂದು ಸೊಸೆ ಗೊಣಗುವುದಿತ್ತು. ಏನಾಯಿತೆಂದು ಅತ್ತೆ ಕೇಳಲಿಲ್ಲ. ಪಕ್ಕದಲ್ಲಿ ಒಂದು ಮಣೆ ಹಾಕಿ ಇಷ್ಟು ಹೇಳಿದರು: "ಬಾ, ಕೂತ್ಕೋ. ಒಳಗೆ ಯಾರ್ಯಾರು ಮಾತಾಡ್ತಿದಾರೆ, ಸುಮ್ನೆ ಕೇಳಿಸ್ಕೋ. ಉತ್ತರ ಕೊಡ್ಬೇಡ."

ಅಂದಿನಿಂದ ಒಂದು ದಿನವೂ ತಪ್ಪಿಲ್ಲ. ರಜೆಯ ದಿನ ಮನೆಯ ಮಣೆ, ಉಳಿದ ದಿನ ಯಂತ್ರದ ಮುಂದಿನ ಸ್ಟೂಲು. ಮಂತ್ರ ಇಲ್ಲ. ಮೊದಲು ಒಂದು ಪ್ರಾರ್ಥನೆ, ದೇವರೇ, ಕೈಗೆ ಬಂದದ್ದನ್ನು ಇದ್ದ ಹಾಗೆ ನೋಡುವಂತೆ ಮಾಡು ಎಂದು. ಆಮೇಲೆ ಉಸಿರು, ಅಷ್ಟೇ. ಮೊದಮೊದಲು ಬರೀ ತರಕಾರಿ ಲೆಕ್ಕವೇ ನೆನಪಾಗುತ್ತಿತ್ತು ಎಂದು ನಗುತ್ತಾರೆ. ಹೋಗುತ್ತಾ ಹೋಗುತ್ತಾ, ಒಳಗಿನ ಮಾತುಗಳಲ್ಲಿ ಎರಡು ಬಗೆ ಇರುವುದು ಗೊತ್ತಾಯಿತಂತೆ.

"ಭಯಕ್ಕೆ ಯಾವಾಗ್ಲೂ ಯಾರದ್ದೋ ದನಿ ಇರುತ್ತೆ. ಸಿಸ್ಟರ್ ದನಿ, ಇಲ್ಲಾ ನಮ್ಮಪ್ಪನ ದನಿ. ಬೇಗ ಬೇಗ ಅನ್ನುತ್ತೆ, ಹೇಳಿದ್ದೇ ಹೇಳುತ್ತೆ. ಇನ್ನೊಂದಕ್ಕೆ ಯಾರ ದನೀನೂ ಇಲ್ಲ. ಒಂದ್ಸಲ ಹೇಳಿ ಸುಮ್ನಾಗ್ಬಿಡುತ್ತೆ. ನಾವು ಗಲಾಟೆ ಮಾಡ್ತಾ ಇದ್ರೆ ಅದು ಹೇಳಿದ್ದು ಕೇಳಿಸೋದೇ ಇಲ್ಲ."

ಕಳೆದ ನಾಲ್ಕು ವರ್ಷಗಳಲ್ಲಿ ಅವರು ಅರವತ್ತಕ್ಕೂ ಹೆಚ್ಚು ಗಂಟುಗಳನ್ನು ತಡೆಹಿಡಿದಿದ್ದಾರೆ. ಈಗಿನ ಹೆಡ್ ಸಿಸ್ಟರ್ ಲೆಕ್ಕ ಇಟ್ಟಿದ್ದಾರೆ. ಅವುಗಳಲ್ಲಿ ಕೆಲವು ಸರಿಯಾಗಿಯೇ ಇದ್ದವು, ಒಮ್ಮೆಯಂತೂ ತೇವ ಗಂಟಿನದಲ್ಲ, ಅಕ್ಕನ ಕೈಯದೇ ಆಗಿತ್ತು. ಒಂದು ವಾರ ಇಡೀ ಥಿಯೇಟರಿನವರು ಅವರನ್ನು ಸ್ವಾಮೀಜಿ ಎಂದು ಕರೆದು ನಕ್ಕರು. ಒಬ್ಬ ಡಾಕ್ಟರು, ಇವತ್ತು ನಾನು ಆಪರೇಷನ್ ಮಾಡಬಹುದೇ, ಒಳಗಿನಿಂದ ಅಪ್ಪಣೆ ಬಂತೇ ಎಂದು ಫೋನಿನಲ್ಲಿ ಕೇಳಿದರಂತೆ. ಈಗ ಕೈ ಒರೆಸಿಕೊಂಡು ಮುಟ್ಟುತ್ತಾರೆ. "ಒಳಗಿಂದು ಹೇಳ್ತು ಅಂತ ಕಣ್ಣು ಮುಚ್ಕೊಂಡು ನಂಬೋದಲ್ಲ. ಅದು ಹೇಳಿದ್ಮೇಲೆ ಕೈಯಿಂದ ಮುಟ್ಟಿ ನೋಡ್ಬೇಕು."

ಇಷ್ಟನ್ನೇ ಬರೆದಿದ್ದರೆ ಈ ಲೇಖನ ಒಂದು ತಿಂಗಳ ಹಿಂದೆಯೇ ಮುಗಿಯುತ್ತಿತ್ತು. ಮೂರನೆಯ ಸಲ ಹೋದಾಗ ಅಕ್ಕ ನನ್ನನ್ನು ಕೂರಿಸಿ, ಪೆನ್ನು ಕೆಳಗಿಡಿ ಎಂದರು.

ಆ ದರ್ಜಿ ಹೆಂಗಸು ಇದೇ ಆಸ್ಪತ್ರೆಯಲ್ಲಿದ್ದಾರೆ. ನಲವತ್ತೇಳು ದಿನ ಮಲಗಿ ಬೇಸತ್ತು, ಹಾಸಿಗೆಯ ಮೇಲೆ ಕುಳಿತೇ ವಾರ್ಡಿನ ಹರಿದ ಹೊದಿಕೆಗಳನ್ನು ಹೊಲಿಯುತ್ತಿದ್ದರಂತೆ. ಅಷ್ಟರಲ್ಲಿ ಅವರ ಅಂಗಡಿ ಮುಚ್ಚಿತ್ತು. ಹೊಟ್ಟೆಯ ಸ್ನಾಯು ಬಲ ಕಳೆದುಕೊಂಡು, ದಿನವಿಡೀ ಹೊಲಿಗೆ ಯಂತ್ರ ತುಳಿಯುವುದು ಆಗದಾಯಿತು. ಆಸ್ಪತ್ರೆಯವರು ಬಟ್ಟೆ ಕೋಣೆಯಲ್ಲಿ ಅರ್ಧ ದಿನದ ಕೆಲಸ ಕೊಟ್ಟರು. ಆ ಕೋಣೆ ಇರುವುದು ನೆಲಮಾಳಿಗೆಯಲ್ಲಿ, ಯಂತ್ರದ ಕೋಣೆಗೆ ಎದುರು. ಅಕ್ಕ ಗಂಟು ಕಟ್ಟುವ ಬಟ್ಟೆಗಳನ್ನೆಲ್ಲ ಅಂದಿನಿಂದ ತೇಪೆ ಹಾಕಿ ಕೊಡುತ್ತಿರುವುದು ಅವರೇ. ಎದ್ದು ನಿಲ್ಲುವಾಗ ಅಂಗೈಯಿಂದ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಅಕ್ಕ ಅದನ್ನು ದಿನಕ್ಕೆ ಹತ್ತು ಸಲ ನೋಡುತ್ತಾರೆ.

ಅವರಿಗೆ ಅಕ್ಕ ಏನನ್ನೂ ಹೇಳಿರಲಿಲ್ಲ. ಅದರ ಬದಲು ಬಟ್ಟೆಯ ಮೂಟೆಯನ್ನು ತಾವೇ ಎತ್ತಿ ಕೊಡುತ್ತಿದ್ದರು, ಟೀ ತಂದಿಡುತ್ತಿದ್ದರು, ಮಳೆ ಬಂದರೆ ಬಸ್ಸಿನ ತನಕ ಕೊಡೆ ಹಿಡಿದು ಬಿಟ್ಟುಬರುತ್ತಿದ್ದರು. ಆ ಉಪಚಾರ ನೋಡಿ ದರ್ಜಿ ರೇಗಿಸುತ್ತಿದ್ದರಂತೆ, "ಏನಕ್ಕ, ನನ್ನ ಮಗನ ಮೇಲೆ ಕಣ್ಣು ಹಾಕಿದೀಯಾ? ನಿನ್ನ ಮಗಳನ್ನ ಮೊದ್ಲು ಕೇಳಿ ನೋಡು, ಅವನು ಗೊರಕೆ ಹೊಡೀತಾನೆ." ಅಕ್ಕನೂ ನಗುತ್ತಿದ್ದರು. ನಕ್ಕು ಬಂದು ಯಂತ್ರದ ಹಿಂದೆ ನಿಲ್ಲುತ್ತಿದ್ದರು.

ಬೆಳಗಿನ ಮೌನದಲ್ಲಿ ಮಾತ್ರ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅವಳಿಗೆ ಹೇಳು ಎಂದು ಒಳಗಿನದು ಹೇಳಿಬಿಟ್ಟಿತ್ತು, ಒಂದೇ ಸಲ. ಅದಾದ ಮೇಲೆ ಭಯ ಶುರುವಾಗುತ್ತಿತ್ತು: ಕೆಲಸ ಹೋಗುತ್ತದೆ, ಮಗಳ ಓದು ನಿಲ್ಲುತ್ತದೆ, ಆಸ್ಪತ್ರೆಯವರೆಲ್ಲ ಬೆರಳು ತೋರಿಸುತ್ತಾರೆ, ಈಗ ಹೇಳಿ ಆಗುವುದಾದರೂ ಏನು. ಗಂಟುಗಳ ವಿಷಯದಲ್ಲಿ ಅಕ್ಕ ಒಳಗಿನ ಮಾತು ಕೇಳುವುದನ್ನು ಕಲಿತರು, ತಮ್ಮ ವಿಷಯದಲ್ಲಿ ಕಲಿಯಲಿಲ್ಲ. "ನಾಚಿಕೆ ಬಿಟ್ಟು ಹೇಳ್ತೀನಿ," ಎಂದರು ನನ್ನ ಮುಖ ನೋಡದೆ. "ಎಷ್ಟೋ ದಿನ ನಾನು ಕೂತಿದ್ದು ಅದನ್ನ ಕೇಳೋಕಲ್ಲ, ಅದು ಕೇಳಿಸ್ದೇ ಇರ್ಲಿ ಅಂತ. ಎಲ್ರೂ ನನ್ನ ದೊಡ್ಡ ಭಕ್ತೆ ಅನ್ಕೊಂಡಿದ್ರು. ನೀವೂ ಪೇಪರ್ನಲ್ಲಿ ಹಾಗೇ ಬರೀತೀರಿ. ಅದನ್ನ ಅವಳು ಓದ್ತಾಳೆ. ನನ್ನ ಕೈಲಿ ಆಗಲ್ಲ ಮೇಡಂ. ಮೊದ್ಲು ಅವಳಿಗೆ ಹೇಳ್ತೀನಿ. ಅಲ್ಲಿ ತನಕ ಹಾಕ್ಬೇಡಿ."

ನಾನು ಕಾದೆ. ಹತ್ತು ದಿನ, ಹದಿನೈದು ದಿನ. ಅಕ್ಕ ದಿನಾ ಬೆಳಗ್ಗೆ ಕೂತು, ಇವತ್ತು ಎಂದುಕೊಂಡು ಎದ್ದರೂ ಎದುರಿನ ಬಾಗಿಲ ತನಕ ಹೋಗಿ ಬಟ್ಟೆ ಎಷ್ಟಾಯಿತು ಎಂದು ಕೇಳಿ ವಾಪಸು ಬರುತ್ತಿದ್ದರಂತೆ. ಹದಿನೆಂಟನೆಯ ದಿನ, ಮಂಗಳವಾರ, ಮೊದಲ ಸುತ್ತು ಆರಲು ಇಟ್ಟು ಆ ಕೋಣೆಗೆ ಹೋದರು. ದರ್ಜಿ ಹೊಲಿಯುತ್ತಿದ್ದರು. ಅಕ್ಕ ನಿಂತೇ ಹೇಳಿದರು, ಎಲ್ಲವನ್ನೂ, ಮಗುಚಿ ಇಟ್ಟದ್ದನ್ನೂ. ಹೊಲಿಗೆ ಯಂತ್ರ ನಿಂತಿತು.

"ಆವತ್ತು ಕೈಗೆ ತೇವ ತಾಗಿತ್ತಾ?" ಎಂದು ದರ್ಜಿ ಕೇಳಿದರು.

"ತಾಗಿತ್ತು."

"ಎಷ್ಟು?"

ಅಕ್ಕ ಎರಡು ಬೆರಳು ಜೋಡಿಸಿ ತೋರಿಸಿದರು. ದರ್ಜಿ ಆ ಬೆರಳುಗಳನ್ನು ನೋಡಿ, ಮತ್ತೆ ಹೊಲಿಯಲು ಶುರು ಮಾಡಿದರು. ಅದೇ ದಿನ ಅಕ್ಕ ಹೆಡ್ ಸಿಸ್ಟರ್ ಬಳಿಗೂ ಹೋದರು. ಅವರು ಕೇಳಿಸಿಕೊಂಡು, ಇದನ್ನು ಬರೆದುಕೊಳ್ಳಲೇಬೇಕಾಗುತ್ತದೆ ಎಂದರು. ವಿಚಾರಣೆ ಇನ್ನೂ ಮುಗಿದಿಲ್ಲ. ಕೆಲಸ ಉಳಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಇದನ್ನು ಬರೆಯಬಹುದೇ ಎಂದು ಕೇಳಲು ನಾನು ಬಟ್ಟೆ ಕೋಣೆಗೆ ಹೋದೆ. ದರ್ಜಿ ನಲವತ್ತರ ಆಚೀಚಿನವರು, ಚುರುಕು ಕಣ್ಣು. ಹಲ್ಲಿನಿಂದ ದಾರ ಕಚ್ಚಿ ತುಂಡರಿಸಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಬರೀರಿ. ಅವಳಾಗೇ ಬಂದು ಹೇಳ್ದೇ ಇದ್ದಿದ್ರೆ ನಂಗೆ ಸಾಯೋ ತನಕ ಗೊತ್ತಾಗ್ತಿರ್ಲಿಲ್ಲ, ಅದನ್ನೂ ಬರೀರಿ. ಆದ್ರೆ ನಾನು ಕ್ಷಮಿಸ್ದೆ ಅಂತ ಮಾತ್ರ ಬರೀಬೇಡಿ. ಅದು ನಂಗೇ ಇನ್ನೂ ಗೊತ್ತಿಲ್ಲ."

ಬಟ್ಟೆಗಳು ಈಗಲೂ ದಿನಾ ಬರುತ್ತವೆ, ತೇಪೆ ಹಾಕಿ, ಮಡಚಿ. ಹೊಲಿಗೆಯಲ್ಲಿ ಕೊರತೆ ಇಲ್ಲ. ಆದರೆ ಆ ಕೋಣೆಯಿಂದ ಏನಕ್ಕ ಎಂಬ ಕೂಗು ಬರುವುದಿಲ್ಲ. ಗೊರಕೆಯ ಮಗನ ಸುದ್ದಿ ಇಲ್ಲ. ಅಕ್ಕ ಇಟ್ಟು ಬಂದ ಟೀ ಲೋಟದಲ್ಲೇ ಕೆನೆ ಕಟ್ಟುತ್ತದೆ. ಅವರು ಮರುದಿನವೂ ಇಡುತ್ತಾರೆ.

ಕೊನೆಯ ಸಲ ಹೋದಾಗಲೂ ಬೆಳಗಿನ ಐದು ಗಂಟೆ. ಇಪ್ಪತ್ತು ನಿಮಿಷ ನಾನೂ ನೆಲದ ಮೇಲೆ ಕುಳಿತಿದ್ದೆ. ನನಗೆ ಕೇಳಿಸಿದ್ದು, ಥಿಯೇಟರಿನ ಬಾಗಿಲಲ್ಲಿ ನಾನು ಆಡಿದ್ದ ಮಾತು. ಮುಳ್ಳು ಮೇಲೇರಿತು. ಅಕ್ಕ ಕಣ್ಣು ತೆರೆದು, ಚಪ್ಪಲಿ ಮೆಟ್ಟಿ, ಕೈ ಒರೆಸಿಕೊಂಡರು. ಇನ್ನೇನು ಆಸೆ ಇದೆ ನಿಮಗೆ ಎಂದು ಕೇಳಿದೆ. ಕೆಲಸ ಉಳಿಯಲಿ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಎದುರಿನ ಬಟ್ಟೆ ಕೋಣೆಯ ಮುಚ್ಚಿದ ಬಾಗಿಲನ್ನು ನೋಡಿದರು.

"ಅವಳು ಒಂದ್ಸಲ ಬಾಯ್ತುಂಬ ಬೈದುಬಿಡ್ಲಿ. ಎಷ್ಟು ಹೊತ್ತಾದ್ರೂ ಸರಿ, ನಿಂತ್ಕೊಂಡು ಕೇಳಿಸ್ಕೋತೀನಿ. ಈಗ ಕೇಳಿಸ್ಕೊಳ್ಳೋಕೆ ಬರುತ್ತೆ ನಂಗೆ."