ಜೀವಂತ ಮಗನಿಗೆ ಎಡೆ

ಹಿರಿಯರ ಅಮಾವಾಸ್ಯೆಯ ಮಧ್ಯಾಹ್ನ. ಸತ್ತ ಮಗನಿಗೆಂದು ಹಿಡಿದಿದ್ದ ಎಡೆಯನ್ನು ಆ ತಾಯಿ ತಂದು, ಹೊಸ್ತಿಲಾಚೆ ನಿಂತಿದ್ದ ಅದೇ ಮಗನ ಮುಂದೆ ಇಟ್ಟಳು. ಬೆಚ್ಚಲಿಲ್ಲ, ಅಳಲಿಲ್ಲ.

“ಉಂಡು ಹೋಗಪಾ. ತಿರುಗಿ ನೋಡಬ್ಯಾಡ,” ಎಂದಳು.

ಮಗ ಈರಪ್ಪ ಗಡಿಯಾಚೆ, ನಿಜಾಮ ಸೀಮೆಯ ಗಲಭೆಯಲ್ಲಿ ಸತ್ತನೆಂಬ ಸುದ್ದಿ ನಂಬಿ ಮನೆಯವರು ಅವನ ಕರ್ಮ ಮುಗಿಸಿದ್ದರು. ಅವನು ಜೈಲಿನಲ್ಲಿದ್ದ. ಬಿಡುಗಡೆಯಾದ ಮೇಲೆ ಕಾಯಿಲೆ ಬಿದ್ದು, ತಡವಾಗಿ ಊರಿಗೆ ಮರಳಿದ್ದ. ಮುಂಡರಗಿ ಪೇಟೆಯಲ್ಲಿ ಗುರುತಿನವರು ಅವನನ್ನು ಕಂಡು ಓಡಿದರಂತೆ. ಅಲ್ಲಿ ಬಸ್ಸಿಗೆ ಕಾಯುತ್ತಿದ್ದ ನನ್ನ ಕೈಯಲ್ಲಿ ಕಾನೂನು ಪುಸ್ತಕ ನೋಡಿ, “ನಾ ಜೀವಂತ ಅದೀನಂತ ನಮ್ಮವ್ವಗ ಹೇಳ್‌ಬರ್ರಿ ಸಾಹೇಬ್ರ,” ಎಂದು ಕರೆತಂದಿದ್ದ.

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯನ್ನು ಆಗಷ್ಟೇ ಓದುತ್ತಿದ್ದೆ. ಪ್ರತಿಯೊಬ್ಬರನ್ನೂ ಎಲ್ಲೆಡೆಯೂ ಕಾನೂನಿನ ಮುಂದೆ ವ್ಯಕ್ತಿಯೆಂದು ಗುರುತಿಸಬೇಕೆಂಬ ಮಾತು ಅದರಲ್ಲಿತ್ತು. ಅದನ್ನೇ ನೆಚ್ಚಿ ಹೇಳಿದೆ: “ಅವ್ವಾ, ಇಂವ ಸತ್ತಿಲ್ಲ. ಎಲ್ಲಿದ್ರೂ ಮನಶಾನ್ನ ಮನಶಾ ಅಂತ ಒಪ್ಪಬೇಕಂತ ಜಗತ್ತಿನ ದೇಶದವರೆಲ್ಲಾ ಕೂಡಿ ಬರದಾರ.”

ಅವಳು ಒಳಗೆ ಹೋಗಿ ಇನ್ನೊಂದು ಎಲೆ ತಂದು ನನ್ನ ಮುಂದೆ ಹಾಸಿ, ಹೋಳಿಗೆ ಬಡಿಸಿದಳು.

“ನೀನೂ ಉಣ್ಣಪಾ. ಪಾಪ, ನಿನಗ ಎಡಿ ಹಿಡಿಯಾವ್ರು ಯಾರೂ ಇಲ್ಲೇನು?”

ಬಾಗಿಲು ಮುಚ್ಚಿಕೊಂಡಿತು. ಈರಪ್ಪ ಹಸಿದಿದ್ದ, ಉಂಡ. ನಾನು ಹೊರಟಾಗಲೂ ಆ ಬಾಗಿಲನ್ನೇ ನೋಡುತ್ತ ಕುಳಿತಿದ್ದ.

ಬಸ್ಸಿನಲ್ಲಿ ಒಬ್ಬರು “ಸ್ವಲ್ಪ ಸರೀರಿ,” ಎನ್ನುವವರೆಗೂ, ನಾನು ಯಾರ ಕಣ್ಣಿಗಾದರೂ ಕಾಣುತ್ತಿದ್ದೇನೆಯೇ ಎಂಬ ಅನುಮಾನ ನನ್ನನ್ನು ಬಿಡಲಿಲ್ಲ.