ನಾಲ್ಕನೆಯವರಾಗಿ ಬಂದ ಕಲ್ಲು

ಶಕುನ, ದೆವ್ವ, ಗಾಳಿ, ಸೋಂಕು ಅಂತ ಯಾರಾದರೂ ಮಾತೆತ್ತಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಬೆಕ್ಕು ಅಡ್ಡ ಬಂತು ಅಂತ ಜೊತೆಯವರು ನಿಂತರೆ, "ಪಾಪ, ಅದಕ್ಕೂ ಏನೋ ಕೆಲಸ ಇರುತ್ತೆ, ನಡೀರಿ" ಅನ್ನುವವಳು ನಾನು. ಅಂಥವಳು ಈಗ ಬರೆಯುತ್ತಿರುವುದನ್ನು ಓದಿ ನೀವು ನಗಬಹುದು. ನಗಿ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ತಂಗಿ ಮಂಜುಳ ಮಸ್ಕತ್ತಿನ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ನರ್ಸು. ಬೆಟ್ಟದಪುರದ ಹತ್ತಿರದ ನಮ್ಮೂರಿನಿಂದ ವಿಮಾನ ಹತ್ತಿದ ಮೊದಲನೆಯವಳು ಅವಳೇ. ಹೆಂಗಸರಲ್ಲಿ ಅಲ್ಲ, ಗಂಡಸರೂ ಸೇರಿ ಮೊದಲನೆಯವಳು. ನಾನು ಮದುವೆಯಾಗಿ ಸೇರಿದ ಹುಣಸೂರಿನಲ್ಲಿ ಈ ಸುದ್ದಿ ಹೇಳದ ಅಂಗಡಿ ಉಳಿದಿಲ್ಲ. ಯಾರು ಏನಾದರೂ ಅಂದುಕೊಳ್ಳಲಿ, ಹೆಮ್ಮೆ ಪಡುವುದಕ್ಕೆ ಯಾರಪ್ಪನ ಅಪ್ಪಣೆ ಬೇಕು?

ಅವಳನ್ನು ನರ್ಸಿಂಗ್ ಓದಿಸುತ್ತೇವೆ ಅಂದಾಗ ಊರಿನವರು "ಕಂಡೋರ ಮೈ ಮುಟ್ಟೋ ಕೆಲ್ಸ" ಅಂತ ಮೂಗು ಮುರಿದಿದ್ದರು. ಅವರ ಬಾಯಿ ಮುಚ್ಚಿಸಿದವಳು ನಮ್ಮಜ್ಜಿ, ಅಪ್ಪನ ತಾಯಿ. ಅಜ್ಜಿ ಊರಿಗೆಲ್ಲ ಸೂಲಗಿತ್ತಿ. ಸೊಂಟದ ಮೇಲೆ ಕೈಯಿಟ್ಟುಕೊಂಡು ಬೀದಿಯಲ್ಲಿ ನಿಂತು ಕೂಗಿದ್ದಳು: "ನೀವೆಲ್ಲ ಉಟ್ಟಿದಾಗ ಮೊದ್ಲು ಮುಟ್ಟಿದ್ದು ಯಾವ ಕೈ ಅನ್ಕಂಡಿದ್ದೀರಿ? ಈ ಕೈಯೇ ಕಣ್ರಲಾ! ನಾನು ಓದ್ದೆ ಮಾಡ್ದೆ, ನನ್ ಮೊಮ್ಮಗ್ಳು ಓದಿ ಮಾಡ್ತಾಳೆ. ಓಗಿ ಓಗಿ, ಕೆಲ್ಸ ನೋಡ್ಕಳಿ."

ಮಂಜುಳ ಮೊದಲ ಸಲ ಹೊರಟಾಗ ತಾನೂ ಬೆಂಗಳೂರಿಗೆ ಬಂದು ವಿಮಾನ ನೋಡಬೇಕು ಅಂತ ಅಜ್ಜಿ ಹಟ ಹಿಡಿದಿದ್ದಳು. ಆದರೆ ಸೊಂಟನೋವು, ಬಸ್ಸಿನಲ್ಲಿ ಅಷ್ಟು ದೂರ ಕೂರಲು ಆಗುವಂತಿರಲಿಲ್ಲ. "ಈ ಸಲ ಓಗ್ಬುಟ್ಟು ಬಾ ಮಗ. ಇನ್ನೊಂದ್ ಸಲಕ್ಕೆ ನಾನೇ ಬಂದು ಅತ್ತುಸ್ತೀನಿ" ಅಂದಳು. ಆ ಇನ್ನೊಂದು ಸಲ ಬರುವ ಮೊದಲೇ ತೀರಿಕೊಂಡಳು. ತಂಗಿಗೆ ಮುಖ ನೋಡಲೂ ಸಿಗಲಿಲ್ಲ. ಅದಕ್ಕೇ ವರ್ಷದ ತಿಥಿಗಾದರೂ ಇರಬೇಕು ಅಂತ ಕಾಡಿ ಬೇಡಿ ರಜ ಹಾಕಿಸಿಕೊಂಡು ಬಂದಿದ್ದಳು.

ಕಷ್ಟವಿದ್ದದ್ದು ವಾಪಸ್ ಹೋಗುವುದರಲ್ಲಿ. ತಿಥಿಯ ಮಾರನೇ ದಿನವೇ ಸಂಜೆ ಬೆಂಗಳೂರಿನಿಂದ ವಿಮಾನ. ಅದು ತಪ್ಪಿದರೆ ಹೇಳಿದ ದಿನಕ್ಕೆ ಡ್ಯೂಟಿಗೆ ಹಾಜರಾಗಲು ಆಗುವುದಿಲ್ಲ, ಕೆಲಸವೇ ಹೋಗುತ್ತದೆ. ಹಾಗೆ ತಡ ಮಾಡಿದ ಒಬ್ಬಳನ್ನು ಮನೆಗೆ ಕಳಿಸಿದ್ದರಂತೆ. ನಮ್ಮ ಸೋದರಮಾವ, "ತಿಥಿಗೆ ಮುಂಚೆ ಓಗಿ ಬೆಂಗ್ಳೂರು ಸೇರ್ಕಳಿ. ಒಂದೇ ದಿನ್ದಲ್ಲಿ ಇಲ್ಲಿಂದ ಏರ್‌ಪೋರ್ಟ್ ಮುಟ್ಟೋದು ಉಡುಗಾಟವಾ?" ಅಂದರು. ಮಂಜುಳನ ಕಣ್ಣು ತುಂಬಿತು. ನನಗೆ ರೇಗಿತು. "ತಿಥೀನೂ ಆಗುತ್ತೆ, ವಿಮಾನಾನೂ ಸಿಗುತ್ತೆ. ನಾನು ಮಾಡಿ ತೋರಿಸ್ತೀನಿ" ಅಂದೆ.

ನಾನು ಪ್ಲಾನ್ ಹಾಕಿದರೆ ಅದು ಪ್ಲಾನು. ಹುಣಸೂರಿನಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ನಮ್ಮ ಯಜಮಾನರ ಹಳೇ ವ್ಯಾನು, ಡ್ರೈವರೂ ಅವರೇ. ಕೆ.ಆರ್. ನಗರದ ಮೇಲೆ ಹೋದರೆ ಹತ್ತಿರ ಅಂತ ಮಾವ, ಆ ರಸ್ತೆಯಲ್ಲಿ ಗುಂಡಿಯೇ ಹೆಚ್ಚು ಅಂತ ನಾನು. ಕೊನೆಗೆ ನನ್ನದೇ ಗೆದ್ದಿತು: ಪಿರಿಯಾಪಟ್ಟಣ, ಹುಣಸೂರು, ಬಿಳಿಕೆರೆಯಲ್ಲಿ ಒಂದು ಟೀ, ಶಾಲೆ ಮಕ್ಕಳು ಬೀದಿಗಿಳಿಯುವ ಮೊದಲು ಮೈಸೂರು ದಾಟಬೇಕು. ತಿಂಡಿಗೆ ಚಿತ್ರಾನ್ನ ವ್ಯಾನಿನಲ್ಲೇ. ಆಗ ಏರ್‌ಪೋರ್ಟು ಬೆಂಗಳೂರಿನ ಒಳಗೇ ಇತ್ತು. ಊರೊಳಗಿನ ಗದ್ದಲಕ್ಕೆ ಅಂತ ಒಂದಿಷ್ಟು ಹೊತ್ತು ಬೇರೆ ತೆಗೆದಿಟ್ಟಿದ್ದೆ. ನಮ್ಮವರು "ನೀನು ಬಸ್ ಡಿಪೋ ಮ್ಯಾನೇಜರ್ ಆಗ್ಬೇಕಿತ್ತು ಕಣೆ" ಅಂತ ಛೇಡಿಸಿದರು. ಆಗಿದ್ದರೆ ಬಸ್ಸುಗಳು ಸರಿಯಾದ ಹೊತ್ತಿಗೆ ಬರುತ್ತಿದ್ದವು ಅಂದೆ.

ಬೆಳಗಿನ ಜಾವ ವ್ಯಾನು ಸ್ಟಾರ್ಟ್ ಮಾಡುವ ಹೊತ್ತಿಗೆ ಅವ್ವ ಓಡಿ ಬಂದು ಅಡ್ಡ ನಿಂತಳು. ಗಾಡಿ ಹತ್ತಿದರೆ ಅವ್ವನಿಗೆ ವಾಂತಿ, ಹಾಗಾಗಿ ಅವಳು ಹೊರಟಿರಲಿಲ್ಲ. "ಮೂರು ಜನ ಒಂಟಿದ್ದೀರಲ್ಲೇ! ಮೂರು ಜನ ಓದ್ರೆ ಕೆಲ್ಸ ಕೆಡ್ತದೆ. ಒಸಿ ತಡೀರಿ." ನಮ್ಮ ಕಡೆ ಅದೊಂದು ರೂಢಿ. ಒಳ್ಳೆಯ ಕೆಲಸಕ್ಕೆ ಮೂವರು ಹೊರಟರೆ, ನಾಲ್ಕನೆಯವರು ಅಂತ ಲೆಕ್ಕಕ್ಕೆ ಒಂದು ಕಲ್ಲನ್ನು ಜೊತೆಗೆ ಒಯ್ಯುವುದು. ಕತ್ತಲಲ್ಲಿ ಕಲ್ಲು ಹುಡುಕುವುದಕ್ಕೆ ಹೋಗದೆ ಅವ್ವ ಒಳಗಿನಿಂದ ಅಜ್ಜಿಯ ಅಡಿಕೆ ಕುಟ್ಟುವ ಕಲ್ಲು ತಂದಳು. ಹಲ್ಲು ಹೋದ ಮೇಲೆ ಅಜ್ಜಿ ಎಲೆ, ಅಡಿಕೆ, ಸುಣ್ಣ ಎಲ್ಲ ಸೇರಿಸಿ ಅದರಲ್ಲೇ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮುಷ್ಟಿಯಷ್ಟಿನ ನುಣ್ಣನೆಯ ಕಲ್ಲು. "ಅಡಿಕೆ ಕುಟ್ಟೋ ಕಲ್ಲಿಗೂ ಒಂದು ಸೀಟು! ಒಳ್ಳೇ ಕತೆ" ಅಂತ ನಾನು ಗೊಣಗಿದೆ. ಅವ್ವ ನನ್ನ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. ಹಿಂದಿನ ಸೀಟಿನಲ್ಲಿ ಮಂಜುಳನ ಪಕ್ಕ ಅದನ್ನು ಇಟ್ಟಳು.

ಬಿಳಿಕೆರೆಯಲ್ಲಿ ಬೆಳಕು ಹರಿದಿತ್ತು. ರಸ್ತೆ ಬದಿಯ ಅಂಗಡಿಯವನಿಗೆ ಟೀ ಅಂತ ಕೂಗಿದೆವು, ಎಷ್ಟು ಅಂತ ಹೇಳಲಿಲ್ಲ. ಅವನು ವ್ಯಾನಿನೊಳಗೆ ಒಮ್ಮೆ ಇಣುಕಿ ಹೋಗಿ ನಾಲ್ಕು ಲೋಟ ತಂದ. ನಾನು ಮೂರೇ ಜನ ಅನ್ನುವಷ್ಟರಲ್ಲಿ ಆ ಕಡೆ ಬಸ್ಸು ಬಂದು ನಿಂತಿತು, ಅವನು ಓಡಿದ. ಮಂಜುಳ ನಕ್ಕು ನಾಲ್ಕನೇ ಲೋಟವನ್ನು ಕಲ್ಲಿನ ಮುಂದೆ ಹಿಡಿದು "ಅಜ್ಜಿ, ಕುಡಿ" ಅಂದಳು. "ಅಜ್ಜಿ ಪಾಲಿದ್ದು ನಂಗೇ ಇರ್ಲಿ" ಅಂತ ನಮ್ಮವರು ಅದನ್ನೂ ಕುಡಿದರು. ಅವತ್ತು ಅದು ನಮಗೆ ಬರೀ ತಮಾಷೆ.

ಮೈಸೂರು ನಾನು ಹೇಳಿದ ಹೊತ್ತಿಗೇ ದಾಟಿದೆವು. ಮಂಡ್ಯ ದಾಟಿ ಸ್ವಲ್ಪ ದೂರ ಹೋದ ಮೇಲೆ ನನ್ನ ಪ್ಲಾನು ನೆಲಕಚ್ಚಿತು. ರಸ್ತೆ ತಡೆ. ಕಬ್ಬಿನ ಬೆಲೆಗೋ ನಾಲೆ ನೀರಿಗೋ, ಈಗ ನೆನಪಿಲ್ಲ. ಅಡ್ಡಕ್ಕೆ ಟ್ರ್ಯಾಕ್ಟರು, ಎತ್ತಿನ ಗಾಡಿ, ಅವುಗಳ ಮುಂದೆ ಕುಳಿತ ಜನ. ಹಿಂದೆ ಲಾರಿಗಳು ನಿಂತು ತಿರುಗಿಸಿಕೊಳ್ಳಲೂ ಜಾಗವಿಲ್ಲ. ಸಂಜೆಯವರೆಗೂ ಬಿಡುವುದಿಲ್ಲ ಅಂದರು. ನಮ್ಮವರು ಇಳಿದು ಹೋಗಿ ಕೈಮುಗಿದು, ವಿಮಾನಕ್ಕೆ ಹೊತ್ತಾಗುತ್ತೆ ಅಂದರು. ವಿಮಾನ ಅನ್ನುವ ಮಾತೇ ಮುಳುವಾಯಿತು. "ವಿಮಾನ್ದೋರ್ಗೊಂದು ನ್ಯಾಯ, ನಮ್ಗೊಂದು ನ್ಯಾಯವಾ? ಕುಂತ್ಕಳ್ರಿ ಸುಮ್ನೆ!" ಅಂತ ಹುಡುಗರು ಮೇಲೆ ಬಿದ್ದರು. ಅವರ ಕಷ್ಟ ಅವರದು, ತಪ್ಪು ಅನ್ನಲಾರೆ. ಆದರೆ ಹೊತ್ತು ಏರುತ್ತಿತ್ತು. ಮಂಜುಳ ತುಟಿ ಕಚ್ಚಿಕೊಂಡು ಕೂತಿದ್ದಳು. ಅಯ್ಯೋ, ನನ್ನ ಜಂಬಕ್ಕೆ ಇವಳ ಅನ್ನ ಹೋಯಿತಲ್ಲ ಅಂತ ನನಗೆ ಅಳುವೇ ಬಂತು.

ಅಷ್ಟರಲ್ಲಿ ಅವರ ಪೈಕಿ ಹಿರಿಯ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ದಪ್ಪ ಮೀಸೆಯ ಮನುಷ್ಯ, ನಮ್ಮ ವ್ಯಾನಿನ ಹತ್ತಿರ ಬಂದ. ಬೈಯುವುದಕ್ಕೇ ಬಂದವನು. ಹಿಂದಿನ ಕಿಟಕಿಯಲ್ಲಿ ತಲೆ ಹಾಕಿದ. ಹೆಗಲ ಟವೆಲ್ಲು ತೆಗೆದು ಕಂಕುಳಲ್ಲಿಟ್ಟುಕೊಂಡ. ನೋಡುತ್ತಿದ್ದದ್ದು ಮಂಜುಳನ ಕಡೆಗಲ್ಲ, ಅವಳ ಪಕ್ಕಕ್ಕೆ.

"ಏನ್ರೀ ನೀವು, ಇಂತ ವಯಸ್ಸಾದೋರ್ನ ಬಿಸಿಲಲ್ಲಿ ಕೂರುಸ್ಕಂಡಿದ್ದೀರಿ! ಒಳ್ಗೆ ಅಜ್ಜಿ ಅವ್ರೆ ಅಂತ ಮೊದ್ಲೇ ಏಳಕ್ಕೇನಾಗಿತ್ತು?" ಅಂತ ನನಗೇ ರೇಗಿದ. ಆಮೇಲೆ ಆ ಖಾಲಿ ಸೀಟಿಗೆ, "ಒಸಿ ತಡ್ಕಳವ್ವ, ಈಗ ಬುಡುಸ್ತೀನಿ" ಅಂದ. ತಿರುಗಿ ಕೂಗಿದ: "ಏಯ್, ಟ್ರ್ಯಾಕ್ಟರ್ ಇಂದಕ್ಕೆ ತಗೀರ್ಲಾ! ವಯಸ್ಸಾದ ಜೀವ ಅದೆ!"

ದಾರಿ ಬಿಟ್ಟರು. ನಮ್ಮವರು ಹಿಂದೆ ಮುಂದೆ ನೋಡದೆ ವ್ಯಾನು ಓಡಿಸಿದರು. ಮದ್ದೂರು ಬಂತು. ಆಮೇಲೆ ಮಂಜುಳ ಸಣ್ಣ ದನಿಯಲ್ಲಿ, "ಅಕ್ಕಾ, ನಾನೇನೂ ಹೇಳ್ಲಿಲ್ಲ ಕಣೆ ಅವ್ರಿಗೆ" ಅಂದಳು. ಸೂಟ್‌ಕೇಸಿನ ಮೇಲೆ ಅವಳ ಶಾಲು ಬಿದ್ದಿತ್ತು. ಅದನ್ನೇ ಮುದುಕಿ ಅಂದುಕೊಂಡಿರಬೇಕು ಅಂತ ನಮ್ಮವರು ಹೇಳಿದರು. ನಾನು ಹೌದು ಹೌದು ಅಂದೆ. ಶಾಲಿಗೆ ಯಾರಾದರೂ 'ಅವ್ವ' ಅಂತಾರಾ ಅಂತ ಒಳಗೇ ಅನ್ನಿಸಿತು.

ಏರ್‌ಪೋರ್ಟು ಮುಟ್ಟಿದಾಗ ಇನ್ನೂ ಹೊತ್ತಿತ್ತು. ಬಾಗಿಲ ಹತ್ತಿರ ಮಂಜುಳ ಸೂಟ್‌ಕೇಸು ಬಿಚ್ಚಿ, ಅವ್ವ ಕೊಟ್ಟ ಉಪ್ಪಿನಕಾಯಿ ಡಬ್ಬ ತೆಗೆದು ನನ್ನ ಕೈಗಿಟ್ಟಳು. ಆ ಜಾಗದಲ್ಲಿ ಕಲ್ಲನ್ನು ಸೀರೆಯಲ್ಲಿ ಸುತ್ತಿ ಇಟ್ಟಳು. "ಇದು ನನ್ ಜೊತೆ ಬರ್ಲಿ ಅಕ್ಕ" ಅಂದಳು. ಬೇರೆ ದಿನವಾಗಿದ್ದರೆ ನಾಲ್ಕು ಮಾತು ಆಡುತ್ತಿದ್ದೆ. ಅವತ್ತು ನಾನೇ ಸೂಟ್‌ಕೇಸಿನ ಮುಚ್ಚಳ ಒತ್ತಿ ಹಿಡಿದೆ. ಅಷ್ಟು ಜನರ ನಡುವೆ ನನ್ನ ತಂಗಿ ತಲೆಯೆತ್ತಿಕೊಂಡು ಸೂಟ್‌ಕೇಸಿನ ಗಾಡಿ ತಳ್ಳುತ್ತಾ ಒಳಗೆ ಹೋದದ್ದನ್ನು ನೋಡಿ, ಅಜ್ಜಿ ಇದನ್ನು ನೋಡಬೇಕಿತ್ತು ಅಂದುಕೊಂಡೆ.

ಇಷ್ಟಕ್ಕೇ ನಿಂತಿದ್ದರೆ ಶಾಲಿನ ಮೇಲೆ ಹಾಕಿ ಮರೆತುಬಿಡುತ್ತಿದ್ದೆ. ಅವತ್ತು ರಾತ್ರಿ ನೆಂಟರ ಮನೆಯಲ್ಲಿ ಉಳಿದು ಮಾರನೇ ದಿನ ವಾಪಸ್ ಹೊರಟೆವು. ಬಿಳಿಕೆರೆಯಲ್ಲಿ ಅದೇ ಅಂಗಡಿಯ ಮುಂದೆ ನಿಲ್ಲಿಸಿದೆವು. ಅಂಗಡಿಯವನು ವ್ಯಾನಿನ ಗುರುತು ಹಿಡಿದ. ಹಿಂದಿನ ಸೀಟು ನೋಡಿ ಕೇಳಿದ:

"ಅಜ್ಜೀನ ಎಲ್ಲಿ ಬುಟ್ಟು ಬಂದ್ರವ್ವ? ನೆನ್ನೆ ಎಲಡ್ಕೆ ಅಗೀತಾ ಕುಂತಿದ್ರಲ್ಲ."

ನಮ್ಮವರು ತಿರುಗಿ ಹಿಂದಿನ ಸೀಟು ನೋಡಿದರು. ನನಗೂ ಭಯವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಭಯದ ಹಿಂದೆಯೇ ಇನ್ನೇನೋ ಉಕ್ಕಿ ಬಂತು. ಎದೆ ಸೆಟೆದು ನಿಂತು ಹೇಳಿದೆ: "ವಿಮಾನ ಅತ್ತುಸ್ಬುಟ್ಟು ಬಂದೋ ಕಣಣ್ಣ. ಮೊಮ್ಮಗಳ ಜೊತೆ ಮಸ್ಕತ್ತಿಗೆ ಓದ್ರು."

ಯಾಕೆ ಹಾಗೆ ಹೇಳಿದೆನೋ, ಆ ಮೀಸೆಯವನೂ ಈ ಅಂಗಡಿಯವನೂ ಕಂಡದ್ದು ಏನನ್ನೋ, ಇವತ್ತಿಗೂ ನನಗೆ ತಿಳಿದಿಲ್ಲ. ಬೆಕ್ಕು ಅಡ್ಡ ಬಂದರೆ ಈಗಲೂ ನಿಲ್ಲುವವಳಲ್ಲ ನಾನು. ಅವ್ವ ಮಾತ್ರ ಕೇಳಿದವರಿಗೆಲ್ಲ "ನಮ್ಮತ್ತೆ ಮಸ್ಕತ್ತಲ್ಲವ್ರೆ" ಅನ್ನುತ್ತಾಳೆ; ನಾನು ತಿದ್ದಲು ಹೋಗುವುದಿಲ್ಲ.

ಅಂಗಡಿಯವನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಒಳ್ಳೇದಾಯ್ತು ಬುಡಿ. ಎಣ್ಮಗೀನ ಒಬ್ಳೇ ಅಷ್ಟು ದೂರ ಕಳ್ಸಬಾರ್ದು" ಅಂತ ಒಲೆಯ ಕಡೆ ಹೋದ. ನಾವು ಎಷ್ಟು ಟೀ ಅಂತ ಈ ಸಲವೂ ಹೇಳಿರಲಿಲ್ಲ. ಅವನು ಎರಡೇ ಲೋಟ ತಂದ.