ಅಂಗಾಲು ನೋಡುವವರು

ಚಪ್ಪಲಿ ಕಳೆದುಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ನಂಜನಗೂಡಿನ ಪೇಟೆಬೀದಿಯಲ್ಲಿ ಸೊಪ್ಪು, ಬದನೆಕಾಯಿ ತೆಗೆದುಕೊಂಡು ಮನೆ ಕಡೆ ಬರುತ್ತಿದ್ದೆ. ಮೂಲೆ ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ನನ್ನನ್ನು ನೋಡಿ ನಕ್ಕ. "ಏನ್ ಸಾ, ಇನ್ನೊಂದು ಚಪ್ಪಲೀನ ಯಾರಿಗ್ ದಾನ ಮಾಡ್ಬುಟ್ರಿ?" ಬಗ್ಗಿ ನೋಡಿದರೆ ಎಡಗಾಲು ಬರಿಗಾಲು. ವಯಸ್ಸಾಯ್ತು ಕಣಯ್ಯ ಎಂದು ನಾನೂ ನಕ್ಕೆ. ಬಂದ ದಾರಿಯಲ್ಲೇ ವಾಪಸ್ಸು ಹೋದೆ. ಚಪ್ಪಲಿ ಸೊಪ್ಪು ಮಾರುವವಳ ಮುಂದೆಯೇ ಬಿದ್ದಿತ್ತು. ಅಷ್ಟು ದೂರ, ಜಲ್ಲಿ ಎದ್ದ ರಸ್ತೆಯಲ್ಲಿ, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಒಂಟಿ ಚಪ್ಪಲಿಯಲ್ಲಿ ನಡೆದಿದ್ದೆ. ಕಾಲು ಒಂದು ಮಾತೂ ಹೇಳಿರಲಿಲ್ಲ.

ನಾನು ಮಿಡ್ಲ್ ಸ್ಕೂಲಿನ ಮೇಷ್ಟ್ರಾಗಿ ರಿಟೈರ್ ಆದವನು. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಮಾತು ಕಮ್ಮಿಯಾಯಿತು. ಮಗ ನಾಗರಾಜನಿಗೆ ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸ. ಶಿಫ್ಟು ಬದಲಾಗುತ್ತಲೇ ಇರುತ್ತದೆ. ನಾನು ಎದ್ದಿರುವಾಗ ಅವನು ಮಲಗಿರುತ್ತಾನೆ, ಇಲ್ಲವೇ ಬಸ್ಸಿನಲ್ಲಿರುತ್ತಾನೆ. ಸೊಸೆ ರತ್ನ ಟಿ. ನರಸೀಪುರದ ಹತ್ತಿರದ ಹೆಮ್ಮಿಗೆಯವಳು, ಬೇಸಾಯದ ಮನೆಯ ಹುಡುಗಿ. ನಮ್ಮವರಲ್ಲಿ ಸೊಸೆಯಾದವಳು ಮಾವನ ಎದುರಿಗೆ ನಿಂತು ಮಾತಾಡುವುದಿಲ್ಲ. ಊಟಕ್ಕೆ ಕರೆಯಬೇಕಾದರೆ ಅವಳು ಬಾಗಿಲ ಹಿಂದೆ ನಿಂತು ಗೋಡೆಗೆ ಹೇಳುತ್ತಿದ್ದಳು, "ಊಟಕ್ಕಿಕ್ಕಿವ್ನಿ" ಅಂತ. ಗೋಡೆ ಏಳುತ್ತಿರಲಿಲ್ಲವಾದ್ದರಿಂದ ನಾನೇ ಎದ್ದು ಹೋಗುತ್ತಿದ್ದೆ. ಮದುವೆಯಾಗಿ ವರ್ಷ ಕಳೆದಿದ್ದರೂ ಅವಳ ಮುಖ ಹೇಗಿದೆ ಎಂದು ಯಾರಾದರೂ ಕೇಳಿದ್ದರೆ ನನಗೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ.

ಚಪ್ಪಲಿ ಮತ್ತೊಮ್ಮೆ ಕಳಚಿಹೋಯಿತು. ಬಾಯಿ ಸದಾ ಒಣಗುತ್ತಿತ್ತು. ನಮ್ಮ ಬೀದಿಯ ಡಾಕ್ಟರು ಮೂತ್ರಕ್ಕೆ ನೀಲಿ ದ್ರಾವಣ ಹಾಕಿ ಸ್ಪಿರಿಟ್ ಲ್ಯಾಂಪಿನ ಮೇಲೆ ಹಿಡಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು.

"ಶುಗರ್ ಇದೆ ಮೇಷ್ಟ್ರೇ. ಬಹಳ ದಿನದಿಂದ ಇರಬೇಕು."

ಮೈಸೂರಿನ ಆಸ್ಪತ್ರೆಯೊಂದರಲ್ಲಿ ಶುಗರ್ ಇರುವವರ ಕಾಲುಗಳ ಬಗ್ಗೆ ಸ್ಟಡಿ ನಡೆಯುತ್ತಿದೆ, ಒಮ್ಮೆ ಹೋಗಿ ಬನ್ನಿ ಎಂದರು. ಹೋದೆ. ಅಲ್ಲಿದ್ದ ಡಾಕ್ಟರು ನನ್ನ ಮಗನ ವಯಸ್ಸಿನವರು. ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ಹತ್ತಿ ಎಳೆಯಿಂದ ಮುಟ್ಟುತ್ತೇನೆ, ಮುಟ್ಟಿದಾಗಲೆಲ್ಲ ಹೇಳಿ ಎಂದರು. ಜೀವಮಾನವೆಲ್ಲ ಪರೀಕ್ಷೆ ಮಾಡಿದವನು, ಫೇಲಾಗಬಾರದು ಎಂದು ಮೈಯೆಲ್ಲ ಕಿವಿಯಾಗಿಸಿಕೊಂಡು ಕಾದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಹೆಬ್ಬೆರಳಿನ ಹತ್ತಿರ ಏನೋ ಸೋಕಿದ ಹಾಗಾಯಿತು. "ಹಾಂ, ಈಗ" ಎಂದೆ.

ಅವರು ಆಗಲೇ ಕೈ ತೊಳೆಯಲು ಹೋಗಿದ್ದರು.

ವಾಪಸ್ಸು ಬಂದು ಸ್ಟೂಲ್ ಎಳೆದುಕೊಂಡು ಕೂತರು. "ಹೊಸ ಔಷಧಿ ಏನೂ ಕೊಡಲ್ಲ, ಹೆದರ್ಕೋಬೇಡಿ. ಕೆಲವರಿಗೆ ಎಂದಿನ ಹಾಗೆ ಮಾತ್ರೆ, ಪಥ್ಯ, ಕಾಲಿನ ಬಗ್ಗೆ ಬುದ್ಧಿಮಾತು. ಇನ್ನು ಕೆಲವರಿಗೆ ಅದರ ಜೊತೆಗೆ ಮನೆಯವರೊಬ್ಬರಿಗೆ ತರಬೇತಿ. ಅವರು ದಿನಾ ಸಾಯಂಕಾಲ ಇವರ ಅಂಗಾಲು ನೋಡ್ಬೇಕು. ಯಾರ ಕಾಲು ಉಳಿಯುತ್ತೆ, ಯಾರದು ಹೋಗುತ್ತೆ ಅಂತ ನಾವು ನೋಡ್ತೀವಿ."

ಕಾಲು ಹೋಗುವುದು ಎಂದರೆ ಏನೆಂದು ಕೇಳುವ ಧೈರ್ಯ ಬರಲಿಲ್ಲ. ಬೇರೆ ಕೇಳಿದೆ. "ಬರೀ ನೋಡಿದರೆ ಸಾಕೇ?"

"ಅದೇ ನಮಗೂ ಗೊತ್ತಾಗಬೇಕಾಗಿರೋದು. ನೀವು ಎರಡನೇ ಗುಂಪಿಗೆ ಬಂದಿದ್ದೀರಿ. ಮನೇಲಿ ಯಾರಿದ್ದಾರೆ?"

ಮಗ, ಸೊಸೆ ಎಂದೆ. ಒಬ್ಬರನ್ನು ಕರೆದುಕೊಂಡು ಬನ್ನಿ ಎಂದರು. ಎಷ್ಟು ಸುಲಭವಾಗಿ ಹೇಳಿಬಿಟ್ಟರು.

ನಾಗರಾಜನಿಗೆ ಹೇಳಿದೆ. "ನೋಡ್ತೀನಿ ಬುಡಪ್ಪ, ಅದ್ಯಾವ್ ದೊಡ್ಡ ಕೆಲಸ" ಎಂದ. ಎರಡು ದಿನ ನೋಡಿದ ಕೂಡ. ಕಾಲನ್ನು ದೀಪದ ಕಡೆ ತಿರುಗಿಸಿ, ಚೆನ್ನಾಗೈತೆ ಎಂದು ಎದ್ದುಹೋದ. ಮೂರನೆಯ ದಿನ ಶಿಫ್ಟು ಬದಲಾಯಿತು. ಮೈಸೂರಿಗೆ ಬಾ ಎಂದರೆ ರಜ ಸಿಗಲಿಲ್ಲ. ನಾನು ಮತ್ತೆ ಕೇಳಲಿಲ್ಲ. ನಾವಿಬ್ಬರೂ ಯಾವತ್ತೂ ಹೆಚ್ಚು ಮಾತಾಡಿದವರಲ್ಲ. ಮಾತಿದ್ದರೆ ಅದು ಅವನ ಅಮ್ಮನ ಮೂಲಕ ಹೋಗಿ ಬರುತ್ತಿತ್ತು. ಸೊಸೆಗೆ ಹೇಳುವ ಮಾತೇ ಇರಲಿಲ್ಲ. ಮನೆಗೆ ಬಂದ ಹೆಣ್ಣುಮಗಳ ಮುಖಕ್ಕೆ ಅಂಗಾಲು ತೋರಿಸುವುದುಂಟೇ?

ತರಬೇತಿಯ ದಿನ ಒಬ್ಬನೇ ಹೋದೆ. ಬೆಂಚಿನ ಮೇಲೆ ಎಲ್ಲರೂ ಜೋಡಿ ಜೋಡಿಯಾಗಿ ಕೂತಿದ್ದರು. ತಾಂಡವಪುರದ ಒಬ್ಬ ರೈತನ ಹೆಂಡತಿ ಗಂಡನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದಿಯನ್ನೆಲ್ಲ ಬಿಡಿಸಿ ನೋಡುತ್ತಿದ್ದಳು. "ಏನ್ ಕೊಳೆ ಮಡಗಿದ್ದೀಯ, ಗದ್ದೆನೇ ಒತ್ಕೊಂಡ್ ಬಂದಿದ್ದೀಯಲ್ಲ" ಎಂದು ಬೈಯುತ್ತಿದ್ದಳು. ಆತ ಹಲ್ಲು ಬಿಟ್ಟುಕೊಂಡು ಕೂತಿದ್ದ. ನನಗೆ ಹೊಟ್ಟೆಕಿಚ್ಚಾಯಿತು. ಹೆಂಡತಿ ಸತ್ತಾಗ ಊರಿನವರೆಲ್ಲ ಬಂದು ಸಮಾಧಾನ ಹೇಳಿದ್ದರು. ಆ ದಿನಕ್ಕಿಂತ ಈ ಬೆಂಚಿನ ಮೇಲೆ ನಾನು ಹೆಚ್ಚು ಒಂಟಿಯಾಗಿದ್ದೆ. ಬೈಯುವುದಕ್ಕೂ ನನಗೆ ಯಾರೂ ಇರಲಿಲ್ಲ.

ಡಾಕ್ಟರು ನನ್ನ ಪಕ್ಕದ ಖಾಲಿ ಜಾಗ ನೋಡಿದರು. ಹೋಗುವಾಗ, "ಕನ್ನಡಿಯಲ್ಲಾದರೂ ನೋಡ್ಕೊಳ್ಳಿ" ಎಂದರು.

ಕ್ಷೌರದ ಕನ್ನಡಿಯನ್ನು ನೆಲಕ್ಕಿಟ್ಟು, ಅದರ ಮೇಲೆ ಕಾಲು ಎತ್ತಿ ಹಿಡಿದು, ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ಕಾಲು ಕಂಡರೆ ಬೆಳಕಿಲ್ಲ, ಬೆಳಕಿದ್ದರೆ ಕಾಲಿಲ್ಲ. ಕನ್ನಡಕ ಹಾಕಿದರೆ ಕನ್ನಡಿ ದೂರ, ತೆಗೆದರೆ ಎಲ್ಲವೂ ಮಂಜು. ಕಂಡಷ್ಟನ್ನು ಕಂಡು, ಸರಿಯಾಗಿದೆ ಎಂದು ನನಗೆ ನಾನೇ ಹೇಳಿಕೊಂಡು ಮಲಗುತ್ತಿದ್ದೆ.

ಬೇಸಗೆ ಕಳೆದು ಮಳೆಗಾಲ ಹಿಡಿಯಿತು. ಒಂದು ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು, ಜಗಲಿಯಲ್ಲಿ ಚಪ್ಪಲಿ ಬಿಟ್ಟು, ಒಳಗೆ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದೆ. ರತ್ನ ನಡುಮನೆ ಒರೆಸುತ್ತಿದ್ದಳು. ಒರೆಸುವ ಸದ್ದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿಸಿತು, ಮತ್ತೆ ನಿಂತಿತು. ಪ್ರತಿ ಸಲವೂ ನನಗೆ ಇನ್ನಷ್ಟು ಹತ್ತಿರದಲ್ಲಿ. ಪೇಪರ್ ತಗ್ಗಿಸಿದೆ. ಬಾಗಿಲಿಂದ ನನ್ನ ಕುರ್ಚಿಯವರೆಗೆ ಸಿಮೆಂಟಿನ ನೆಲದ ಮೇಲೆ ಹೆಜ್ಜೆ ಬಿಟ್ಟು ಹೆಜ್ಜೆಗೆ ಒಂದೊಂದು ಕೆಂಪು ಗುರುತು. ಅವಳು ಕೊನೆಯ ಗುರುತಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

"ಮಾವ, ಕಾಲೆತ್ತಿ."

ಗೋಡೆಗಲ್ಲ, ನನಗೇ ಹೇಳಿದಳು.

ಕಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡೆ. "ಬೇಡ ಕಣಮ್ಮ, ಏನೂ ಇಲ್ಲ. ನೋವಿಲ್ಲ."

"ನೋವಿಲ್ದಿದ್ರೆ ರಕ್ತ ಎಲ್ಲಿಂದ ಬಂತು? ನಮ್ಮಟ್ಟೀಲಿ ಎತ್ತಿನ ಗೊರಸ್ನ ದಿನಾ ಎತ್ತಿ ನೋಡೋರು. ಮನ್ಸಂದು ನೋಡ್ಬಾರ್ದಾ?"

ಎತ್ತಿಗೆ ಹೋಲಿಸಿದ್ದು ನನಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ಅವಳೇ ಕಾಲೆಳೆದುಕೊಂಡು ತಿರುಗಿಸಿದಳು. ಚಪ್ಪಲಿಯ ಅಟ್ಟೆಯ ಮೊಳೆಯೊಂದು ಮುರಿದು ಅಂಗಾಲಿನ ಒಳಗೇ ಕೂತಿತ್ತು. ಸುತ್ತ ಕೀವಾಗಿ ಊದಿಕೊಂಡಿತ್ತು. ಅದರ ಮೇಲೆ ಎಷ್ಟು ದಿನ ಓಡಾಡಿದ್ದೆನೋ. ಪ್ರತಿ ಸಂಜೆ ಕನ್ನಡಿಯಲ್ಲಿ ನೋಡಿ, ಸರಿಯಾಗಿದೆ ಎಂದುಕೊಂಡದ್ದು ಈ ಕಾಲನ್ನೇ.

ಮಲಗಿದ್ದ ಗಂಡನನ್ನು ಎಬ್ಬಿಸಿ, ನನ್ನನ್ನು ಬಸ್ಸಿಗೆ ಹತ್ತಿಸಿ, ತಾನೂ ಹತ್ತಿದಳು. ಆಸ್ಪತ್ರೆಯಲ್ಲಿ ಗಾಯ ಬಿಡಿಸಿ ತೊಳೆದರು. ವಾರ್ಡಿನಲ್ಲಿ ಬಹಳ ದಿನ ಮಲಗಿದೆ. ಬೇಯಿಸಿದ ಗಾಜಿನ ಸಿರಿಂಜಿನಲ್ಲಿ ಬೆಳಿಗ್ಗೆ ಸಂಜೆ ಇನ್ಸುಲಿನ್. ಕಿರುಬೆರಳು ಉಳಿಯಲಿಲ್ಲ, ತೆಗೆದರು. ಮಿಕ್ಕ ಕಾಲು ಉಳಿಯುವುದೋ ಇಲ್ಲವೋ ಎಂದು ಡಾಕ್ಟರು ದಿನಾ ಬ್ಯಾಂಡೇಜು ಬಿಚ್ಚಿ ನೋಡುತ್ತಿದ್ದರು. ನಾನು ಅವರ ಮುಖ ನೋಡುತ್ತಿದ್ದೆ. ಒಂದು ದಿನ ಅವರು ಬ್ಯಾಂಡೇಜು ಕಟ್ಟುತ್ತಾ ಶಿಳ್ಳೆ ಹಾಕಿದರು. ಕಾಲು ಉಳಿಯಿತು ಎಂದು ನನಗೆ ಗೊತ್ತಾಯಿತು.

"ಯಾರು ನೋಡಿದ್ದು ಇದನ್ನ?" ಎಂದು ಕೇಳಿದರು.

"ಸೊಸೆ" ಎಂದೆ.

"ಅವರನ್ನೇ ಮೊದಲೇ ಕರ್ಕೊಂಡು ಬರೋದಲ್ವಾ?"

ಅವರಿಗೆ ಹೇಗೆ ಹೇಳುವುದು. ರತ್ನ ಬಾಗಿಲ ಬಳಿ ಸೆರಗು ಹೊದ್ದು ನಿಂತಿದ್ದಳು. ಡಾಕ್ಟರು ಅವಳನ್ನು ಕರೆದು ಎಲ್ಲಿ ಒತ್ತಬೇಕು, ಯಾವ ಬಣ್ಣ ಕಂಡರೆ ಕರೆತರಬೇಕು ಎಂದು ತೋರಿಸಿಕೊಟ್ಟರು. ಅವಳು ಎಲ್ಲದಕ್ಕೂ "ಊ ಸಾ" ಎಂದಳು.

ಮನೆಗೆ ಬಂದು ತಿಂಗಳಾಗುತ್ತಾ ಬಂತು. ಮನೆಯಲ್ಲಿ ಮಾತು ಹೆಚ್ಚಾಗಿದೆ ಎಂದರೆ ಸುಳ್ಳಾದೀತು. ನಾಗರಾಜ ಶಿಫ್ಟಿಗೆ ಹೋಗುತ್ತಾನೆ. ಪಥ್ಯದಿಂದಾಗಿ ನನ್ನದು ಬೇರೆ ಅಡಿಗೆ, ಬೇರೆ ಹೊತ್ತು, ಒಬ್ಬನದೇ ಊಟ. ಆದರೆ ದೀಪ ಹಚ್ಚುವ ಮುಂಚೆ, ಬೆಳಕಿರುವಾಗಲೇ ರತ್ನ ಬಂದು ಕೆಳಗೆ ಕೂರುತ್ತಾಳೆ. ನಾನು ಕಾಲು ಮುಂದೆ ಮಾಡುತ್ತೇನೆ. ಮೊದಲ ದಿನಗಳಲ್ಲಿ ಸಂಕೋಚಕ್ಕೆ ಮುಖ ತಿರುಗಿಸಿ ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದೆ. ಅವಳು ನೋಡಿ ಮುಗಿಸಲಿ ಎಂದು ಒಂದು ಸಂಜೆ ಹಾಗೇ ಬಹಳ ಹೊತ್ತು ಕಾಲು ಚಾಚಿ ಕಾದೆ. ಆಮೇಲೆ, "ಆಯ್ತೇನಮ್ಮ?" ಎಂದೆ.

ಅವಳ ದನಿ ಅಡಿಗೆಮನೆಯಿಂದ ಬಂತು. "ಆವಾಗ್ಲೇ ಆಯ್ತು ಮಾವ. ಕಾಲ್ ಕೆಳಗಿಟ್ಕಳಿ."

ಅಷ್ಟು ಹೊತ್ತು ನನ್ನ ಕಾಲನ್ನು ಯಾರೋ ಹಿಡಿದಿದ್ದಾರೆ ಎಂದುಕೊಂಡು ಕೂತಿದ್ದೆ. ಹಿಡಿದದ್ದೂ ತಿಳಿಯಲಿಲ್ಲ, ಬಿಟ್ಟದ್ದೂ ತಿಳಿಯಲಿಲ್ಲ. ಇಡೀ ದಿನದಲ್ಲಿ ಒಬ್ಬರು ನನ್ನನ್ನು ಮುಟ್ಟುವುದು ಆ ಒಂದು ಗಳಿಗೆ, ಅದನ್ನು ಕಿಟಕಿಗೆ ಕೊಟ್ಟುಬಿಟ್ಟಿದ್ದೆ. ಆ ಸಂಜೆ ಕತ್ತಲಾದ ಮೇಲೂ ಎದ್ದು ದೀಪ ಹಾಕಲು ಮನಸ್ಸಾಗಲಿಲ್ಲ.

ಮಾರನೆಯ ದಿನದಿಂದ ಕಿಟಕಿ ನೋಡುವುದು ಬಿಟ್ಟೆ. ಅವಳ ಕೈಯನ್ನೇ ನೋಡುತ್ತೇನೆ. ಹಿಮ್ಮಡಿ ಹಿಡಿದು ಎತ್ತುತ್ತಾಳೆ, ಹೆಬ್ಬೆರಳಿಂದ ಒತ್ತುತ್ತಾಳೆ, ಸಂದಿಯಲ್ಲಿ ಮಣ್ಣಿದ್ದರೆ ಬಾಯೊಳಗೇ ಏನೋ ಬೈಯುತ್ತಾಳೆ. ಕಾಲಿಗೆ ಏನೂ ತಿಳಿಯುವುದಿಲ್ಲ. ಇನ್ನು ತಿಳಿಯುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದ್ದರಿಂದ ಅವಳು ಕೈ ತೆಗೆಯುವವರೆಗೂ ನಾನು ಕಣ್ಣು ತೆಗೆಯುವುದಿಲ್ಲ.